ರಾತ್ರಿ ಬೀದಿಬದಿಯ ಪಾರ್ಕಿಂಗ್: ಹಕ್ಕಲ್ಲ, ಷರತ್ತಿನ ಅನುಮತಿ

ನಮಸ್ಕಾರ. ರಾತ್ರಿಯಿಡೀ ಬೀದಿಬದಿಯಲ್ಲಿ ವಾಹನ ನಿಲ್ಲಿಸುವುದಕ್ಕೆ ನಗರಾಡಳಿತ ನಿಯಮ ಮಾಡಿದಾಗಲೆಲ್ಲ, ಜನರನ್ನು ಸುಲಿಯಲು ಇನ್ನೊಂದು ದಾರಿ ಹುಡುಕಿದ್ದಾರೆ ಎಂಬ ಮಾತು ಕೇಳಿಬರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಎಲ್ಲರ ತೆರಿಗೆಯಿಂದ ಆದ ರಸ್ತೆಯ ಒಂದು ಪಾಲನ್ನು ಪ್ರತಿ ರಾತ್ರಿ ಒಬ್ಬರ ಸ್ವಂತ ವಾಹನಕ್ಕೆ ಬಿಟ್ಟುಕೊಡುವಾಗ, ಷರತ್ತು ಹಾಕುವ ಅಧಿಕಾರ ನಗರಕ್ಕೆ ಇರಲೇಬೇಕು.

ಆರು ಮೀಟರ್ ಅಗಲದ ಒಂದು ಬೀದಿಯನ್ನೇ ತೆಗೆದುಕೊಳ್ಳಿ. ಸಾಧಾರಣ ಕಾರಿನ ಅಗಲ ಸುಮಾರು 1.8 ಮೀಟರ್. ಎರಡೂ ಬದಿಯಲ್ಲಿ ಅಂಚಿಗೆ ಅಂಟಿಕೊಂಡಂತೆ ಒಂದೊಂದು ಸಾಲು ನಿಂತರೂ ನಡುವೆ ಉಳಿಯುವುದು 2.4 ಮೀಟರ್ ಮಾತ್ರ. ದೊಡ್ಡ ಅಗ್ನಿಶಾಮಕ ವಾಹನಕ್ಕೆ, ಅದರ ಕನ್ನಡಿಗಳನ್ನು ಬಿಟ್ಟು ಲೆಕ್ಕ ಹಾಕಿದರೂ, ಸುಮಾರು ಎರಡೂವರೆ ಮೀಟರ್ ಬೇಕು. ಹಗಲಿನಲ್ಲಾದರೆ ಹಾರ್ನ್ ಕೇಳಿ ಯಾರಾದರೂ ಓಡಿಬಂದು ಕಾರು ತೆಗೆಯಬಹುದು. ರಾತ್ರಿ ಎರಡು ಗಂಟೆಗೆ ಆ ಕಾರು ಯಾವ ಮನೆಯದೆಂದು ಬಾಗಿಲು ಬಡಿದು ವಿಚಾರಿಸುವಷ್ಟರಲ್ಲಿ ಬೆಂಕಿ ಮಹಡಿ ಏರಿರುತ್ತದೆ. ರಾತ್ರಿಗೆ ಬೇರೆ ನಿಯಮ ಬೇಕು ಎನ್ನಲು ಇದೊಂದೇ ಕಾರಣ ಸಾಕು.

ಜಪಾನ್ ಈ ಪ್ರಶ್ನೆಯನ್ನು ಕಾರು ಬೀದಿಗೆ ಬರುವ ಮೊದಲೇ ಕೇಳುತ್ತದೆ. ಅಲ್ಲಿ 1962ರಲ್ಲಿ ಬಂದ ಕಾನೂನಿನ ಪ್ರಕಾರ, ಟೋಕಿಯೋದಂಥ ನಗರದಲ್ಲಿ ಕಾರು ನೋಂದಾಯಿಸಬೇಕಾದರೆ ರಸ್ತೆಯ ಹೊರಗೆ ನಿಲ್ಲಿಸಲು ಜಾಗವಿದೆ ಎಂಬುದಕ್ಕೆ ಪೊಲೀಸರ ಪ್ರಮಾಣಪತ್ರ ಬೇಕು. ಆ ಜಾಗ ಈಗ ಮನೆಯಿಂದ ಎರಡು ಕಿಲೋಮೀಟರ್ ಒಳಗಿರಬೇಕು. ರಾತ್ರಿ ವೇಳೆ ರಸ್ತೆಯ ಒಂದೇ ಜಾಗದಲ್ಲಿ ಸತತ ಎಂಟು ಗಂಟೆ ಕಾರು ನಿಲ್ಲಿಸುವುದನ್ನೂ ಅದೇ ಕಾನೂನು ನಿಷೇಧಿಸುತ್ತದೆ. ಷಿಕಾಗೋದಲ್ಲಿ ಡಿಸೆಂಬರ್ 1ರಿಂದ ಏಪ್ರಿಲ್ 1ರವರೆಗೆ, ಹಿಮ ಬೀಳಲಿ ಬೀಳದಿರಲಿ, ಗೊತ್ತುಪಡಿಸಿದ ಮುಖ್ಯರಸ್ತೆಗಳಲ್ಲಿ ಬೆಳಗಿನ ಜಾವ 3ರಿಂದ 7 ಗಂಟೆಯವರೆಗೆ ವಾಹನ ನಿಲ್ಲಿಸುವಂತಿಲ್ಲ. ಕಟ್ಟುನಿಟ್ಟು ಎನಿಸಿದರೂ ಅದರಲ್ಲಿ ಗೊಂದಲವಿಲ್ಲ, ಮತ್ತು ನಿಯಮಕ್ಕೆ ಅದು ದೊಡ್ಡ ಗುಣ.

ಹಾಗೆಂದು ಎಲ್ಲ ಬೀದಿಗಳಲ್ಲೂ ಸಾರಾಸಗಟಾಗಿ ನಿಷೇಧ ಹೇರುವುದನ್ನು ನಾನು ವಿರೋಧಿಸುತ್ತೇನೆ. ಕಾರುಗಳೇ ಇಲ್ಲದ ಕಾಲದಲ್ಲಿ ಕಟ್ಟಿದ ಮನೆಯಲ್ಲಿ ಬಾಡಿಗೆಗಿರುವವರು ಗ್ಯಾರೇಜನ್ನು ಎಲ್ಲಿಂದ ತರಬೇಕು? ಪಾಳಿ ಮುಗಿಸಿ ಮಧ್ಯರಾತ್ರಿ ಮರಳುವ ನರ್ಸ್ ಒಬ್ಬರು ಕಾರನ್ನು ದೂರದಲ್ಲಿ ಬಿಟ್ಟು ಕತ್ತಲಲ್ಲಿ ಒಂಟಿಯಾಗಿ ನಡೆದುಬರಬೇಕೇ? ಕಿರಿದಾದ ಬೀದಿಯಲ್ಲಿ ಒಂದು ಬದಿಯನ್ನು ಪೂರ್ತಿ ಖಾಲಿ ಬಿಡಿಸಿ, ಇನ್ನೊಂದು ಬದಿಯಲ್ಲಿ ಪರ್ಮಿಟ್ ಇರುವವರಿಗೆ ಮಾತ್ರ ಅವಕಾಶ ಕೊಡುವುದು ನ್ಯಾಯ. ಮನೆಯ ಮೊದಲ ವಾಹನಕ್ಕೆ ಶುಲ್ಕ ಅಲ್ಪವಾಗಿರಲಿ, ಎರಡನೆಯದಕ್ಕೆ ಹೆಚ್ಚಿರಲಿ. ಗ್ಯಾರೇಜಿನಲ್ಲಿ ಹಳೆಯ ಸಾಮಾನು ತುಂಬಿಸಿ ಕಾರನ್ನು ಹೊರಗೆ ನಿಲ್ಲಿಸುವವರಿಗೆ ಪರ್ಮಿಟ್ ಕೊಡುವುದೇ ಬೇಡ.

ಜಾರಿಯ ವಿಷಯದಲ್ಲಿ ನನ್ನದು ಒಂದೇ ಒತ್ತಾಯ. ಗಾಜಿಗೆ ದಂಡದ ಚೀಟಿ ಅಂಟಿಸಿ ಹೋದರೆ ಕಾರು ಬೆಳಗಿನವರೆಗೂ ಅಲ್ಲೇ ನಿಂತಿರುತ್ತದೆ. ಆದ್ದರಿಂದ ದೊಡ್ಡ ವಾಹನಗಳು ಹೊರಳಬೇಕಾದ ತಿರುವುಗಳಲ್ಲಿ ಮತ್ತು ಅಗ್ನಿಶಾಮಕ ನೀರಿನ ಕೊಳಾಯಿಗಳ ಮುಂದೆ ನಿಂತ ಕಾರುಗಳನ್ನು ಅದೇ ರಾತ್ರಿ ಎಳೆದೊಯ್ಯುವ ವ್ಯವಸ್ಥೆಯನ್ನು ನಗರಾಡಳಿತ ಮೊದಲು ಮಾಡಲಿ; ಪರ್ಮಿಟ್ ಶುಲ್ಕದ ಹಣ ಮೊದಲು ಅದಕ್ಕೇ ಖರ್ಚಾಗಲಿ.