ಬ್ಲಾಗ್ ಶುರುವಾಯ್ತು, ಓದುವವರು ಎಲ್ಲಿ?

(ಸ್ಕ್ರೀನ್ ಮೇಲೆ: ಒಂದು ಗ್ರಾಫ್. ಒಂದು ದಿನ ಗೆರೆ ಮೇಲಕ್ಕೆ ಹಾರುತ್ತದೆ, ಮಾರನೇ ದಿನದಿಂದ ನೆಲ ಕಚ್ಚುತ್ತದೆ.)

ನಮಸ್ಕಾರ. ಈ ಗ್ರಾಫ್ ಗುರುತು ಸಿಕ್ಕಿತಾ? ಸ್ವಂತದ್ದೊಂದು ಬ್ಲಾಗ್ ಇರುವವರಿಗೆ ಇದು ಚೆನ್ನಾಗಿ ಗೊತ್ತು. ಹೊಸ ಬರಹ ಹಾಕಿದ ದಿನ ಗೆರೆ ಏರುತ್ತದೆ, ಆಮೇಲೆ ಮುಂದಿನ ಬರಹದವರೆಗೂ ಸುಮ್ನೆ ಮಲಗಿರುತ್ತದೆ. ಆ ಒಂದು ದಿನ ಬಂದವರಾದರೂ ಯಾರು? ನೀವು ಲಿಂಕ್ ಕಳಿಸಿದ ಗೆಳೆಯರು, ಮನೆಯವರು, ಹಳೆಯ ಆಫೀಸಿನವರು, ಜೊತೆಗೆ ನೀವೇ. ಫೋನಿನಲ್ಲಿ ಹೇಗೆ ಕಾಣುತ್ತದೆ ಅಂತ ಒಂದು ಸಲ, ಲ್ಯಾಪ್‌ಟಾಪ್‌ನಲ್ಲಿ ಒಂದು ಸಲ, ಕಾಗುಣಿತ ತಪ್ಪಿದೆ ಅಂತ ಮತ್ತೆರಡು ಸಲ.

ಹಾಗಾದರೆ ಗುರುತು ಪರಿಚಯ ಇಲ್ಲದ ಓದುಗರು ಎಲ್ಲಿಂದ ಬರುತ್ತಾರೆ, ಬಂದವರು ಮತ್ತೆ ಯಾಕೆ ಬರುತ್ತಾರೆ? ನನ್ನ ವಾದ ಮೊದಲೇ ಹೇಳಿಬಿಡುತ್ತೇನೆ. ಹೊಸ ಬರಹದ ಮೊದಲ ದಿನಕ್ಕೆ ನಾವು ಬೇಕಿದ್ದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತೇವೆ. ಓದುಗರನ್ನು ತರುವುದು ಹಳೆಯ ಬರಹಗಳು. ಅವನ್ನು ಮಾತ್ರ ತಿರುಗಿಯೂ ನೋಡುವುದಿಲ್ಲ.

(ಸ್ಕ್ರೀನ್ ಮೇಲೆ: "ಈ ಅಂಕಿಗಳನ್ನು ಎಷ್ಟು ನಂಬಬೇಕು?")

ಮೊದಲು ಲೆಕ್ಕದ ವಿಷಯ ಮುಗಿಸೋಣ. ಸೈಟಿಗೆ ಎಷ್ಟು ಜನ ಬಂದರು ಅಂತ ಎಣಿಸುವ ಗೂಗಲ್ ಅನಲಿಟಿಕ್ಸ್ 2005ರಲ್ಲಿ ಬಂತು, ಕಾಸಿಲ್ಲದೆ ಸಿಕ್ಕಿತು, ಅಲ್ಲಿಂದ ಪ್ರತಿ ಬ್ಲಾಗರ್‌ಗೂ ದಿನಕ್ಕೆ ಹತ್ತು ಸಲ ಅಂಕಿ ನೋಡುವ ಚಟ ಅಂಟಿಕೊಂಡಿತು. ತೊಂದರೆ ಏನೆಂದರೆ ಆ ಅಂಕಿಗಳಲ್ಲಿ ಮನುಷ್ಯರಲ್ಲದವರೂ ಇರುತ್ತಾರೆ, ಅಂದರೆ ಬಾಟ್‌ಗಳು, ತಾವಾಗಿಯೇ ಪುಟ ತೆರೆಯುವ ಪ್ರೋಗ್ರಾಂಗಳು. ಸರ್ಚ್ ಎಂಜಿನ್‌ನ ಬಾಟ್‌ಗಳು, ಸ್ಪ್ಯಾಮ್ ಕಾಮೆಂಟ್ ಹಾಕುವ ಬಾಟ್‌ಗಳು, ಈಗ ಎಐ ಕಂಪನಿಗಳಿಗೆ ಪಠ್ಯ ಒಯ್ಯುವ ಬಾಟ್‌ಗಳು. ಅನಲಿಟಿಕ್ಸ್ ತನಗೆ ಗೊತ್ತಿರುವ ಬಾಟ್‌ಗಳನ್ನು ಬಿಟ್ಟು ಎಣಿಸುತ್ತದೆ. ಆದರೆ ಹೋಸ್ಟಿಂಗ್ ಕಂಪನಿ, ಅಂದರೆ ನಿಮ್ಮ ಬ್ಲಾಗಿಗೆ ಜಾಗ ಕೊಟ್ಟವರು, ತೋರಿಸುವ "ಹಿಟ್ಸ್" ಇದೆಯಲ್ಲ, ಅದರಲ್ಲಿ ಎಲ್ಲವೂ ಸೇರಿರುತ್ತದೆ. ಅದನ್ನು ನೋಡಿ ಖುಷಿಪಡಬೇಡಿ.

ಇನ್ನೊಂದು ಕಡೆ, ನಿಜವಾಗಿ ಬಂದವರ ದಾರಿಯೂ ಗೊತ್ತಾಗುವುದಿಲ್ಲ. ಯಾರೋ ನಿಮ್ಮ ಬರಹ ಓದಿ, ಇಷ್ಟಪಟ್ಟು, ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದರು ಅಂದುಕೊಳ್ಳಿ. ಅಲ್ಲಿಂದ ಬಂದವರು ಸಾಮಾನ್ಯವಾಗಿ "ಡೈರೆಕ್ಟ್" ಅನ್ನುವ ಖಾನೆಯಲ್ಲಿ ಸೇರುತ್ತಾರೆ, ಅಂದರೆ ವಿಳಾಸ ತಾವೇ ಟೈಪ್ ಮಾಡಿ ಬಂದ ಹಾಗೆ. ಒಬ್ಬರು ಇನ್ನೊಬ್ಬರಿಗೆ "ಇದನ್ನು ಓದು" ಅಂದದ್ದು, ಅಂದರೆ ನಿಮಗೆ ಸಿಗಬಹುದಾದ ಅತಿ ಒಳ್ಳೆಯ ಪ್ರಚಾರ, ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ.

ಇಮೇಲ್‌ನಲ್ಲಿ ಬರಹ ಕಳಿಸುವವರು "ಇಷ್ಟು ಜನ ತೆರೆದಿದ್ದಾರೆ" ಅಂತ ನೋಡುತ್ತಾರೆ. ಅದು ತಿಳಿಯುವುದು ಮೇಲ್‌ನಲ್ಲಿ ಅಡಗಿಸಿಟ್ಟ ಒಂದು ಚುಕ್ಕಿ ಗಾತ್ರದ ಚಿತ್ರದಿಂದ. ಚಿತ್ರ ಲೋಡ್ ಆದರೆ ತೆರೆದರು ಅಂತ ಅರ್ಥ. 2021ರ ಸೆಪ್ಟೆಂಬರ್‌ನಲ್ಲಿ ಆ್ಯಪಲ್ ತನ್ನ ಮೇಲ್ ಆ್ಯಪ್‌ಗೆ ಒಂದು ಗೌಪ್ಯತೆಯ ಸೌಲಭ್ಯ ತಂದಿತು. ಅದನ್ನು ಆನ್ ಮಾಡಿಕೊಂಡವರ ಹೆಸರಲ್ಲಿ ಆ್ಯಪಲ್ಲೇ ಚಿತ್ರಗಳನ್ನು ಮೊದಲೇ ಲೋಡ್ ಮಾಡಿಬಿಡುತ್ತದೆ, ಅವರು ಮೇಲ್ ತೆರೆಯಲಿ ಬಿಡಲಿ. ಓದದವರೂ ಓದಿದವರ ಸಾಲಿಗೆ ಸೇರಿದರು.

ಹಾಗಾದರೆ ನಂಬುವುದು ಯಾವುದನ್ನು? ನಾನು ನೋಡುವುದು ಎರಡೇ: ಮೇಲ್‌ಗೆ ಉತ್ತರ ಬರೆದವರು, ಮತ್ತು ಹುಡುಕಿಕೊಂಡು ಬಂದವರು. ಉಳಿದದ್ದು ತಿಂಗಳಿಗೊಂದು ಸಲ ನೋಡಿದರೆ ಸಾಕು.

(ಸ್ಕ್ರೀನ್ ಮೇಲೆ: 1999, 2003, 2005, 2013, 2018, 2024)

ಓದುಗರನ್ನು ಸಂಪಾದಿಸುವುದು ಮೊದಲು ಇಷ್ಟು ಕಷ್ಟ ಇರಲಿಲ್ಲ. 1999ರಲ್ಲಿ ಬ್ಲಾಗ್ ಮಾಡಿಕೊಡುವ ಬ್ಲಾಗರ್ ಅನ್ನುವ ತಾಣ ಬಂತು, 2003ರಲ್ಲಿ ಗೂಗಲ್ ಅದನ್ನು ಕೊಂಡಿತು, ಅದೇ ವರ್ಷ ಬ್ಲಾಗ್ ನಡೆಸುವ ಸಾಫ್ಟ್‌ವೇರ್ ವರ್ಡ್‌ಪ್ರೆಸ್ ಹುಟ್ಟಿತು. ಆಗ ಬ್ಲಾಗಿನ ಪಕ್ಕದಲ್ಲಿ ತಾವು ಓದುವ ಬೇರೆ ಬ್ಲಾಗ್‌ಗಳ ಪಟ್ಟಿ ಇರುತ್ತಿತ್ತು. ಒಂದರಿಂದ ಇನ್ನೊಂದಕ್ಕೆ ಜನ ಹೋಗುತ್ತಿದ್ದರು. 2005ರಲ್ಲಿ ಗೂಗಲ್ ರೀಡರ್ ಬಂದಾಗ ಇಷ್ಟದ ಬ್ಲಾಗ್‌ಗಳೆಲ್ಲ ಒಂದೇ ಕಡೆ ಸಿಗತೊಡಗಿದವು. 2013ರ ಜುಲೈ 1ರಂದು ಅದನ್ನು ಮುಚ್ಚಿದರು. ಹೊಸ ಬರಹಗಳನ್ನು ಅದಕ್ಕೆ ತಲುಪಿಸುತ್ತಿದ್ದ ತಂತ್ರವಾದ ಆರ್‌ಎಸ್‌ಎಸ್ ಸಾಯಲಿಲ್ಲ, ಇವತ್ತಿಗೂ ಪಾಡ್‌ಕಾಸ್ಟ್‌ಗಳು ಅದರ ಮೇಲೆಯೇ ನಡೆಯುತ್ತವೆ. ಆದರೆ ದಿನಾ ಬೆಳಗ್ಗೆ ಬ್ಲಾಗ್ ಓದುವ ಅಭ್ಯಾಸ ಎಷ್ಟೋ ಜನರಿಗೆ ತಪ್ಪಿಹೋಯಿತು.

ಅವರೆಲ್ಲ ಸೋಷಿಯಲ್ ಮೀಡಿಯಾಕ್ಕೆ ಹೋದರು. ಬ್ಲಾಗರ್‌ಗಳೂ ಲಿಂಕ್ ಹಿಡಿದು ಹಿಂದೆಯೇ ಹೋದರು. 2018ರ ಜನವರಿಯಲ್ಲಿ ಫೇಸ್‌ಬುಕ್, ಇನ್ನು ಮುಂದೆ ಗೆಳೆಯರ ಮತ್ತು ಮನೆಯವರ ಪೋಸ್ಟ್‌ಗಳಿಗೆ ಆದ್ಯತೆ ಅಂತ ಹೇಳಿತು, ಪೇಜ್‌ಗಳನ್ನು ನಂಬಿಕೊಂಡಿದ್ದವರು ಕೈ ಕೈ ಹಿಸುಕಿಕೊಂಡರು. ಇಲ್ಲಿ ಯಾರನ್ನೂ ಬೈಯಬೇಕಿಲ್ಲ. ಜನ ತನ್ನಲ್ಲೇ ಉಳಿಯಲಿ ಅನ್ನುವುದು ಅವರ ವ್ಯಾಪಾರ, ಹೊರಗೆ ಬರಲಿ ಅನ್ನುವುದು ನಮ್ಮ ಆಸೆ. ಎರಡೂ ಒಂದಾಗುವುದು ಹೇಗೆ?

ಈಗ ಹೊಸ ತಲೆನೋವು. 2024ರ ಮೇ ತಿಂಗಳಲ್ಲಿ ಅಮೆರಿಕದಿಂದ ಶುರುವಾಗಿ, ಗೂಗಲ್ ಹುಡುಕಾಟದ ಫಲಿತಾಂಶಗಳ ಮೇಲೆ ಎಐ ಬರೆದ ಉತ್ತರ ತೋರಿಸತೊಡಗಿತು. ಉತ್ತರ ಅಲ್ಲೇ ಸಿಕ್ಕಿದ ಮೇಲೆ ಯಾರು ಕ್ಲಿಕ್ ಮಾಡುತ್ತಾರೆ? "ಪಾಸ್‌ವರ್ಡ್ ಬದಲಾಯಿಸುವುದು ಹೇಗೆ" ತರಹದ ಬರಹಗಳಿಗೆ ಇದು ನೇರ ಪೆಟ್ಟು. ಆದರೆ ವೈಯಕ್ತಿಕ ಬ್ಲಾಗ್‌ಗೆ ಇದರಲ್ಲಿ ಸ್ವಲ್ಪ ಅನುಕೂಲವೂ ಇದೆ ಅಂತ ನನಗೆ ಅನಿಸುತ್ತದೆ. ಐವತ್ತರ ವಯಸ್ಸಲ್ಲಿ ಈಜು ಕಲಿಯಲು ಹೋದಾಗ ನೀರಿಗಿಳಿದ ಮೊದಲ ದಿನ ಏನನಿಸಿತು, ಯಾವುದಕ್ಕೆ ನಾಚಿಕೆಯಾಯಿತು, ಯಾವ ಹೊತ್ತಿಗೆ ಭಯ ಬಿಟ್ಟಿತು ಅನ್ನುವುದನ್ನು ನಾಲ್ಕು ಸಾಲಿಗೆ ಇಳಿಸಿದರೆ ಏನೂ ಉಳಿಯುವುದಿಲ್ಲ. ಅದನ್ನು ಓದಲು ನಿಮ್ಮ ಪುಟಕ್ಕೇ ಬರಬೇಕು.

(ಸ್ಕ್ರೀನ್ ಮೇಲೆ: ಸರ್ಚ್ ಕನ್ಸೋಲ್‌ನ ಪುಟ. ಹುಡುಕಿದ ಪದಗಳ ಪಟ್ಟಿ.)

ಸರಿ, ಮಾಡುವುದೇನು? ಮೊದಲನೆಯದು ಹಳೆಯ ಬರಹಗಳು. ಗೂಗಲ್ ಸರ್ಚ್ ಕನ್ಸೋಲ್ ಅಂತ ಇದೆ, ದುಡ್ಡು ಕೊಡಬೇಕಿಲ್ಲ. ನಿಮ್ಮ ಬ್ಲಾಗ್ ಅದಕ್ಕೆ ಸೇರಿಸಿ. ಜನ ಏನು ಟೈಪ್ ಮಾಡಿದಾಗ ನಿಮ್ಮ ಯಾವ ಪುಟ ಕಾಣಿಸಿತು, ಎಷ್ಟನೇ ಸ್ಥಾನದಲ್ಲಿ ಕಾಣಿಸಿತು, ಎಷ್ಟು ಜನ ಒತ್ತಿದರು ಅಂತ ಅದು ಹೇಳುತ್ತದೆ. ಇದರಲ್ಲಿ ಹನ್ನೊಂದು, ಹದಿನೈದು, ಇಪ್ಪತ್ತನೇ ಸ್ಥಾನದಲ್ಲಿರುವ ಹಳೆಯ ಬರಹಗಳನ್ನು ಹುಡುಕಿ. ಅವು ಹುಡುಕಾಟದ ಮೊದಲ ಪುಟದ ಹೊಸಿಲ ಹತ್ತಿರ ಬಂದು ನಿಂತಿವೆ, ಒಳಗೆ ಕರೆದುಕೊಳ್ಳಬೇಕು ಅಷ್ಟೇ. ತೆರೆದು ಓದಿ. ಜನ ಕೇಳಿದ ಪ್ರಶ್ನೆಗೆ ಅಲ್ಲಿ ನಿಜವಾಗಿ ಉತ್ತರ ಇದೆಯಾ? ಇಲ್ಲದಿದ್ದರೆ ಒಂದು ಪ್ಯಾರಾ ಸೇರಿಸಿ. ಸತ್ತ ಲಿಂಕ್ ತೆಗೆಯಿರಿ. ನಿಮ್ಮದೇ ಬೇರೆ ಬರಹಗಳಿಂದ ಅದಕ್ಕೆ ಲಿಂಕ್ ಕೊಡಿ. ಆ ಪುಟದ ವಿಳಾಸ ಮಾತ್ರ ಬದಲಾಯಿಸಬೇಡಿ, ಎಲ್ಲೋ ಯಾರೋ ಕೊಟ್ಟ ಲಿಂಕ್ ಮುರಿದುಹೋಗುತ್ತದೆ.

ಶೀರ್ಷಿಕೆಯನ್ನೂ ನೋಡಿ. "ಹೀಗೊಂದು ಸಂಜೆ", "ಒಂದಿಷ್ಟು ಅನಿಸಿಕೆ" ಇಂಥವು ಕೇಳಲು ಚೆನ್ನ, ಆದರೆ ಅದನ್ನು ಯಾರೂ ಹುಡುಕುವುದಿಲ್ಲ. ಯಾವುದರ ಬಗ್ಗೆ ಅಂತ ಶೀರ್ಷಿಕೆಯೇ ಹೇಳಲಿ, ಕವಿತೆ ಒಳಗೆ ಇರಲಿ.

ಎರಡನೆಯದು ಬೇರೆ ಬರಹಗಾರರು. "ನನ್ನ ಬ್ಲಾಗ್‌ಗೆ ಲಿಂಕ್ ಕೊಡಿ" ಅಂತ ಗುರುತಿಲ್ಲದವರಿಗೆ ಮೇಲ್ ಕಳಿಸುವ ಪದ್ಧತಿ ಇದೆ, ಅದು ಬೇಡವೇ ಬೇಡ. ಅದರ ಬದಲು ಅವರು ಬರೆದದ್ದನ್ನು ಪೂರ್ತಿ ಓದಿ, ಎಲ್ಲಿ ಒಪ್ಪುತ್ತೀರಿ ಎಲ್ಲಿ ಒಪ್ಪುವುದಿಲ್ಲ ಅಂತ ನಿಮ್ಮ ಬ್ಲಾಗ್‌ನಲ್ಲಿ ಉತ್ತರ ಬರೆಯಿರಿ, ಬರೆದಿದ್ದೇನೆ ಅಂತ ಒಂದು ಸಾಲು ತಿಳಿಸಿ. ತನ್ನ ಬರಹವನ್ನು ಗಮನವಿಟ್ಟು ಓದಿದವರನ್ನು ಯಾವ ಬರಹಗಾರನೂ ಮರೆಯುವುದಿಲ್ಲ, ಒಪ್ಪದೆ ಬರೆದಿದ್ದರೂ.

ಮೂರನೆಯದು ಇಮೇಲ್ ಪಟ್ಟಿ. ಇದು ಚಿಕ್ಕದಿದ್ದರೂ ನಿಮ್ಮದು. ಪ್ಲಾಟ್‌ಫಾರ್ಮ್ ಮುಚ್ಚಿದರೂ ಕೈಯಲ್ಲಿ ಉಳಿಯುತ್ತದೆ. ನಿಮ್ಮದೇ ಮೇಲ್‌ನಿಂದ ಎಲ್ಲರ ವಿಳಾಸವನ್ನೂ ಬಿಸಿಸಿಯಲ್ಲಿ (ಒಬ್ಬರದು ಇನ್ನೊಬ್ಬರಿಗೆ ಕಾಣದ ಖಾನೆಯಲ್ಲಿ) ಹಾಕಿ ಕಳಿಸಬೇಡಿ, ಸ್ಪ್ಯಾಮ್‌ಗೆ ಹೋಗುತ್ತದೆ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ನಿಯಮ ಬಿಗಿ ಮಾಡಿವೆ. ಮೇಲ್ ಕಳಿಸುವ ಡೊಮೇನ್ (ವೆಬ್ ವಿಳಾಸದ ಹೆಸರು) ನಿಮ್ಮದೇ ಅಂತ ತೋರಿಸುವ ಎಸ್‌ಪಿಎಫ್, ಡಿಕೆಐಎಂ ತರಹದ ಸೆಟ್ಟಿಂಗ್ ಬೇಕು. ದಿನಕ್ಕೆ 5000ಕ್ಕಿಂತ ಜಾಸ್ತಿ ಮೇಲ್ ಕಳಿಸುವವರು ಒಂದೇ ಕ್ಲಿಕ್‌ಗೆ ಪಟ್ಟಿಯಿಂದ ಹೊರಬರುವ ದಾರಿಯನ್ನೂ ಕೊಡಬೇಕು. ನೀವು ಅಷ್ಟು ಕಳಿಸದಿದ್ದರೂ ಆ ದಾರಿ ಕೊಡಿ. ಹೋಗಬೇಕು ಅನ್ನುವವರನ್ನು ಹಿಡಿದು ಏನು ಮಾಡುತ್ತೀರಿ?

ವಾರಕ್ಕೆ ಎಷ್ಟು ಬರೆಯಬೇಕು ಅಂತ ತುಂಬಾ ಜನ ಕೇಳುತ್ತಾರೆ. ನಿಮಗೆ ಆಗುವಷ್ಟು. ತಿಂಗಳಿಗೆ ಒಂದಾದರೂ ಸರಿ. "ಬಹಳ ದಿನವಾಯಿತು, ಕ್ಷಮಿಸಿ, ಇನ್ನು ತಪ್ಪದೆ ಬರೆಯುತ್ತೇನೆ" ಅನ್ನುವ ಪೋಸ್ಟ್ ಮಾತ್ರ ಹಾಕಬೇಡಿ. ಎಷ್ಟೋ ಬ್ಲಾಗ್‌ಗಳ ಕೊನೆಯ ಪೋಸ್ಟ್ ಅದೇ ಆಗಿರುತ್ತದೆ!

(ಸ್ಕ್ರೀನ್ ಮೇಲೆ: "0 ಕಾಮೆಂಟ್‌ಗಳು")

ಇದು ಮನಸ್ಸಿಗೆ ಚುಚ್ಚುತ್ತದೆ, ಅಲ್ವಾ? ಯಾಕೋಬ್ ನೀಲ್ಸನ್ ಅಂತ ಒಬ್ಬರು, ವೆಬ್‌ಸೈಟ್‌ಗಳನ್ನು ಜನ ಹೇಗೆ ಬಳಸುತ್ತಾರೆ ಅಂತ ಅಧ್ಯಯನ ಮಾಡುವವರು, 2006ರಲ್ಲಿ 90-9-1 ಅಂತ ಒಂದು ಅಂದಾಜು ಕೊಟ್ಟರು. ಆನ್‌ಲೈನ್ ಗುಂಪುಗಳಲ್ಲಿ ನೂರಕ್ಕೆ 90 ಜನ ಸುಮ್ಮನೆ ಓದುತ್ತಾರೆ, 9 ಜನ ಅಪರೂಪಕ್ಕೆ ಮಾತಾಡುತ್ತಾರೆ, ಒಬ್ಬರು ಮಾತ್ರ ಯಾವಾಗಲೂ ಮಾತಾಡುತ್ತಾರೆ ಅಂತ. ಬ್ಲಾಗ್‌ಗಳಲ್ಲಿ ಈ ಮೌನ ಇನ್ನೂ ಜಾಸ್ತಿ ಅಂತಲೂ ಹೇಳಿದರು. ಕಾಮೆಂಟ್ ಇಲ್ಲ ಅಂದ ಮಾತ್ರಕ್ಕೆ ಯಾರೂ ಓದಿಲ್ಲ ಅಂತಲ್ಲ.

ಇನ್ನು ಸಿಗುವುದೇನು? ದುಡ್ಡಿನ ಆಸೆ ಇದ್ದರೆ ನೇರ ಹೇಳುತ್ತೇನೆ: ಓದುಗರು ಕಡಿಮೆ ಇರುವ ಬ್ಲಾಗ್‌ಗೆ ಜಾಹೀರಾತಿನಿಂದ ಬರುವುದು ಹೋಸ್ಟಿಂಗ್ ಖರ್ಚಿಗೂ ಸಾಲುವುದಿಲ್ಲ, ಪುಟ ಮಾತ್ರ ನಿಧಾನವಾಗುತ್ತದೆ. ಬೇರೆ ರೀತಿಯಲ್ಲಿ ಕೆಲಸ ಸಿಗುವುದುಂಟು. ನಿಮ್ಮ ಬರಹ ನೋಡಿಯೇ ಯಾರೋ ಕರೆಯುತ್ತಾರೆ.

ನನಗೆ ಇದರಲ್ಲಿ ದೊಡ್ಡದು ಅನಿಸುವುದು ತಿದ್ದುವವರು. ನೀವು ಮೂರು ವರ್ಷದ ಹಿಂದೆ ಬರೆದದ್ದನ್ನು, ಅದೇ ವಿಷಯದಲ್ಲಿ ಬದುಕು ಕಳೆದ ಒಬ್ಬರು ಹುಡುಕಿಕೊಂಡು ಬಂದು ಓದುತ್ತಾರೆ, "ಇಲ್ಲಿ ಹೀಗಲ್ಲ, ಹಾಗೆ" ಅಂತ ಉದ್ದದ ಮೇಲ್ ಬರೆಯುತ್ತಾರೆ. ಅಂಥವರನ್ನು ನೀವಾಗಿ ಹುಡುಕಿದ್ದರೆ ಸಿಗುತ್ತಿರಲಿಲ್ಲ. ಅವರು ಬಂದದ್ದು ಆ ಒಂದು ಹಳೆಯ ಪುಟ ಅಲ್ಲೇ ಇತ್ತು ಅನ್ನುವ ಕಾರಣಕ್ಕೆ. ಹಾಗಾಗಿಯೇ ಸ್ವಂತ ಡೊಮೇನ್ ಇಟ್ಟುಕೊಳ್ಳಿ ಅನ್ನುವುದು. ಜನರ ಸ್ವಂತ ಪುಟಗಳಿಗೆ ಜಾಗ ಕೊಡುತ್ತಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿದಾಗ ಲಕ್ಷಾಂತರ ಪುಟಗಳು ತಮ್ಮ ವಿಳಾಸ ಕಳೆದುಕೊಂಡವು. ಡೊಮೇನ್ ನಿಮ್ಮದಾಗಿದ್ದರೆ ಬರಹಗಳನ್ನು ಬೇರೆ ಕಡೆ ಸಾಗಿಸಬಹುದು, ವಿಳಾಸ ಹಾಗೇ ಇರುತ್ತದೆ. ಡೊಮೇನ್ ನವೀಕರಣದ ತಾರೀಖು ಫೋನಿನಲ್ಲಿ ಹಾಕಿಡಿ.

ಒಂದು ಅಪಾಯವೂ ಇದೆ. ಯಾವುದೋ ಒಂದು ಬರಹ ದಿಢೀರನೆ ಓಡುತ್ತದೆ. ಆಮೇಲೆ ಅದೇ ತರಹದ್ದು ಬರೆಯೋಣ ಅನಿಸುತ್ತದೆ. ಬರೆಯುತ್ತೀರಿ, ಓಡುವುದಿಲ್ಲ. ಮತ್ತೆ ಬರೆಯುತ್ತೀರಿ, ಬೇಸರ ಬರುತ್ತದೆ. ಅಷ್ಟು ಹೊತ್ತಿಗೆ ಮೊದಲಿಂದ ಓದುತ್ತಿದ್ದವರೂ ಹೋಗಿರುತ್ತಾರೆ. ಆ ದಿನ ಬಂದ ಗುಂಪಿನಲ್ಲಿ ನಾಲ್ಕೈದು ಜನ ನಿಮ್ಮ ಇನ್ನೊಂದು ಬರಹವನ್ನೂ ಓದಿದರೆ ಅವರು ಲೆಕ್ಕಕ್ಕೆ. ಅವರಿಗೆ ಕಾಣುವ ಹಾಗೆ ಪುಟದ ಕೊನೆಯಲ್ಲಿ ನಿಮ್ಮ ಎರಡು ಮೂರು ಒಳ್ಳೆಯ ಬರಹಗಳ ಲಿಂಕ್ ಇಡಿ.

ಬ್ಲಾಗ್ ಇರುವವರು ಕೆಳಗೆ ಕಾಮೆಂಟ್‌ನಲ್ಲಿ ಲಿಂಕ್ ಹಾಕಿ. ಮುಖಪುಟದ್ದು ಬೇಡ, ಹೊಸದಾಗಿ ಬರೆದದ್ದೂ ಬೇಡ. ಕಮ್ಮಿ ಅಂದರೂ ಒಂದು ವರ್ಷ ಹಳೆಯದಾದ, ಯಾರೂ ಸರಿಯಾಗಿ ಓದಲೇ ಇಲ್ಲ ಅಂತ ನಿಮಗೆ ಈಗಲೂ ಬೇಜಾರಿರುವ ಒಂದು ಬರಹ.