ಐಪಿ ವಿಳಾಸ: ಎಷ್ಟು ಹೊತ್ತಿನ ಮಟ್ಟಿಗೆ ಕೊಡಬೇಕು?

ಎಲ್ಲರಿಗೂ ನಮಸ್ಕಾರ. ಕಾಲೇಜು, ಕಚೇರಿಗಳ ನೆಟ್‌ವರ್ಕ್ ನೋಡಿಕೊಳ್ಳುವವರೇ ಇಲ್ಲಿ ಜಾಸ್ತಿ ಇದ್ದೀರಿ. ಹಾಗಾಗಿ, ನೆಟ್‌ವರ್ಕ್‌ಗೆ ಸೇರಿದ ಯಂತ್ರಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿಯ ಪೀಠಿಕೆಯನ್ನು ಬೇಗ ಮುಗಿಸಿಬಿಡುತ್ತೇನೆ.

ವೈಫೈಗೆ ಹೊಸದಾಗಿ ಸೇರಿದ ಫೋನಿಗೆ ತನ್ನದೇ ವಿಳಾಸ ಗೊತ್ತಿಲ್ಲ, ಸರ್ವರ್ ಎಲ್ಲಿದೆ ಅಂತಲೂ ಗೊತ್ತಿಲ್ಲ. ಅದಕ್ಕೇ 255.255.255.255ಕ್ಕೆ, ಅಂದರೆ ಎಲ್ಲರಿಗೂ ಕೇಳಿಸುವ ಹಾಗೆ, ಡಿಸ್ಕವರ್ ಎಂಬ ಸಂದೇಶ ಕಳಿಸುತ್ತದೆ. ಸರ್ವರ್‌ನಿಂದ ಒಂದು ವಿಳಾಸದ ಆಫರ್ ಬರುತ್ತದೆ. ಅದೇ ಬೇಕೆಂದು ಫೋನು ರಿಕ್ವೆಸ್ಟ್ ಕಳಿಸುತ್ತದೆ, ಸರ್ವರ್ ಆಕ್ ಕೊಟ್ಟು ಒಪ್ಪುತ್ತದೆ. ಆಫರ್ ಬಂದ ಮೇಲೂ ಮತ್ತೆ ಯಾಕೆ ಕೇಳಬೇಕು? ಎರಡು ಸರ್ವರ್‌ಗಳು ಆಫರ್ ಕೊಟ್ಟಿರಬಹುದು, ಅಲ್ವಾ? ರಿಕ್ವೆಸ್ಟ್ ಕೂಡ ಎಲ್ಲರಿಗೂ ಕೇಳಿಸುತ್ತದೆ. ಆಯ್ಕೆಯಾಗದ ಸರ್ವರ್ ತನ್ನ ವಿಳಾಸವನ್ನು ವಾಪಸ್ ಇಟ್ಟುಕೊಳ್ಳುತ್ತದೆ. ಇಂಟರ್ನೆಟ್ ನಿಯಮಗಳ ದಾಖಲೆಯಾದ 1997ರ ಆರ್‌ಎಫ್‌ಸಿ 2131ರಲ್ಲಿ ಇದೆಲ್ಲ ವಿವರವಾಗಿದೆ.

ನಾನು ಮಾತಾಡಬೇಕೆಂದಿರುವುದು ಲೀಸ್ ಬಗ್ಗೆ, ಅಂದರೆ ಕೊಟ್ಟ ವಿಳಾಸ ಎಷ್ಟು ಹೊತ್ತು ಒಬ್ಬರದಾಗಿರುತ್ತದೆ ಎಂಬುದರ ಬಗ್ಗೆ. ರೂಟರ್ ತಂದ ದಿನ ಇದ್ದ ಲೀಸ್ ಅವಧಿಯನ್ನು ಯಾರೂ ಮುಟ್ಟುವುದಿಲ್ಲ. ತೊಂದರೆ ಶುರುವಾಗುವುದೇ ಅಲ್ಲಿ.

ಒಂದು ಕಲ್ಯಾಣ ಮಂಟಪ ತಗೊಳ್ಳಿ. ನೆಟ್‌ವರ್ಕ್ 192.168.1.0/24. ಬಳಸಬಹುದಾದ ವಿಳಾಸ 254, ರೂಟರ್‌ಗೆ ಒಂದು ಹೋದರೆ 253. ಲೀಸ್ 24 ಗಂಟೆ. ಸಂಜೆ ಆರತಕ್ಷತೆಗೆ ಬಂದವರು ಊಟ ಮಾಡಿ ಹೊರಟರು. ಅವರ ಫೋನುಗಳು ಹೋಗುವಾಗ ವಿಳಾಸ ಹಿಂದಿರುಗಿಸಿ ಹೋಗುವುದಿಲ್ಲ. ರಿಲೀಸ್ ಅನ್ನುವ ಸಂದೇಶ ಇದೆ, ಕಳಿಸುವವು ಕಡಿಮೆ. ಮರುದಿನ ಬೆಳಗ್ಗೆ ಮುಹೂರ್ತಕ್ಕೆ ಬೇರೆ ಜನ ಬಂದರು. ಸಿಗ್ನಲ್ ಪೂರ್ತಿ ಇದೆ, ನೆಟ್ ಇಲ್ಲ! ಎಲ್ಲರೂ ಲೈನ್ ಕೊಟ್ಟವರನ್ನು ಬೈಯುತ್ತಾರೆ. ಆದರೆ ಖಾಲಿಯಾಗಿರುವುದು ವಿಳಾಸ. ಆಗ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ನೋಡಿದರೆ 169.254ರಿಂದ ಶುರುವಾಗುವ ವಿಳಾಸ ಕಾಣುತ್ತದೆ. ಯಾರೂ ಕೊಡಲಿಲ್ಲ, ನಾನೇ ಹಾಕಿಕೊಂಡೆ ಅಂತ ಅದರ ಅರ್ಥ.

ಇಲ್ಲಿ ಲೀಸ್ ಒಂದು ಗಂಟೆ ಸಾಕು. ಅರ್ಧ ಅವಧಿ ಕಳೆದಾಗ ಫೋನು ತಾನೇ ನವೀಕರಿಸಿಕೊಳ್ಳುತ್ತದೆ. ಕೂತಿರುವವರಿಗೆ ಏನೂ ಗೊತ್ತಾಗುವುದಿಲ್ಲ.

ಹಾಗಂತ ಎಲ್ಲ ಕಡೆ ಒಂದು ಗಂಟೆ ಇಟ್ಟುಬಿಡಬೇಡಿ. ನಲವತ್ತು ಡೆಸ್ಕ್‌ಟಾಪ್‌ಗಳಿರುವ ಕಚೇರಿಯಲ್ಲಿ ಸರ್ವರ್ ಕೆಟ್ಟರೆ, ಒಂದು ಗಂಟೆಯೊಳಗೆ ಎಲ್ಲವೂ ವಿಳಾಸ ಕಳೆದುಕೊಳ್ಳುತ್ತವೆ. ವಿಂಡೋಸ್ ಸರ್ವರ್‌ನಲ್ಲಿ ಮೊದಲೇ ಲೀಸ್ 8 ದಿನ ಇಟ್ಟಿರುವುದು ಸುಮ್ನೆ ಅಲ್ಲ. ಅವಧಿ ಉದ್ದವಿದ್ದರೆ ರಿಪೇರಿಗೆ ನಿಮಗೆ ಸಮಯ ಸಿಗುತ್ತದೆ. ಬಂದು ಹೋಗುವವರಿಗೆ ಗಂಟೆಗಳ ಲೆಕ್ಕ, ಅಲ್ಲೇ ಇರುವ ಯಂತ್ರಗಳಿಗೆ ದಿನಗಳ ಲೆಕ್ಕ. ಎರಡಕ್ಕೂ ಬೇರೆ ಬೇರೆ ವಿಎಲ್‌ಎಎನ್ (ಒಂದೇ ಸ್ವಿಚ್‌ನಲ್ಲಿ ಬೇರ್ಪಡಿಸಿದ ನೆಟ್‌ವರ್ಕ್) ಮಾಡಿದರೆ ಇನ್ನೂ ಒಳ್ಳೆಯದು.

ಪ್ರಿಂಟರ್‌ಗೆ ಕೈಯಾರೆ ವಿಳಾಸ ಹಾಕುವ ಅಭ್ಯಾಸ ಬಿಡಿ. ಅದೇ ವಿಳಾಸ ಸರ್ವರ್ ಹಂಚುವ ವಿಳಾಸಗಳ ಪೂಲ್‌ನಲ್ಲೂ ಇದ್ದರೆ ಒಂದು ದಿನ ಇನ್ಯಾರಿಗೋ ಹೋಗುತ್ತದೆ. ಸರ್ವರ್‌ನಲ್ಲೇ ಪ್ರಿಂಟರ್‌ನ ಮ್ಯಾಕ್ ವಿಳಾಸ (ಯಂತ್ರದ ಜೊತೆಗೇ ಬರುವ ಗುರುತು ಸಂಖ್ಯೆ) ಕೊಟ್ಟು ಐಪಿ ರಿಸರ್ವ್ ಮಾಡಿ. ಫೋನುಗಳಿಗೆ ಈ ಉಪಾಯ ಅಷ್ಟು ಸಲೀಸಲ್ಲ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಈಚೆಗೆ ಅವು ಸಾಮಾನ್ಯವಾಗಿ ವೈಫೈಗೆ ತಮ್ಮ ನಿಜವಾದ ಮ್ಯಾಕ್ ತೋರಿಸುವುದಿಲ್ಲ.

ಕೊನೆಯದಾಗಿ, ಯಾರೋ ಮನೆಯ ಹಳೇ ರೂಟರ್ ತಂದು ಗೋಡೆಯ ಪೋರ್ಟಿಗೆ ಚುಚ್ಚುತ್ತಾರೆ. ಅದೂ ವಿಳಾಸ ಹಂಚಲು ಶುರು ಮಾಡುತ್ತದೆ, ತಪ್ಪು ಗೇಟ್‌ವೇ (ಹೊರಗಿನ ನೆಟ್‌ಗೆ ಹೋಗುವ ದಾರಿ) ಸಮೇತ. ನಿಮ್ಮ ಸ್ವಿಚ್‌ನಲ್ಲಿ ಇಂಥ ಸರ್ವರ್‌ಗಳ ಆಫರ್ ತಡೆಯುವ ಡಿಎಚ್‌ಸಿಪಿ ಸ್ನೂಪಿಂಗ್ ಇದ್ದರೆ ಆನ್ ಮಾಡಿ. ಇಲ್ಲದಿದ್ದರೆ ಕೈಕೊಟ್ಟ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ipconfig /all ಹೊಡೆದು, ಡಿಎಚ್‌ಸಿಪಿ ಸರ್ವರ್ ಎಂಬ ಸಾಲು ನೋಡಿ. ಅಲ್ಲಿರುವುದು ನಿಮ್ಮ ಸರ್ವರ್‌ನ ವಿಳಾಸ ಅಲ್ಲದಿದ್ದರೆ, ಆ ರೂಟರನ್ನು ಹುಡುಕಲು ಹೊರಡಿ.