ಹಳೆ ತೊಲೆಗೊಂದು ಬಸ್ ಸ್ಟಾಪ್

ಕೇಳುಗರಿಗೆ ನಮಸ್ಕಾರ.

ಸಕಲೇಶಪುರ, ಮೂಡಿಗೆರೆ ಕಡೆ ಹಳೆ ಹೆಂಚಿನ ಮನೆ ಬಿಚ್ಚುವುದನ್ನು ನೀವೂ ನೋಡಿರುತ್ತೀರಿ. ಹೆಂಚು ಇಳಿಸಿ ಜೋಡಿಸಿಡುತ್ತಾರೆ. ಬಾಗಿಲು, ಕಂಬಗಳಿಗೆ ಗಿರಾಕಿ ಬರುತ್ತಾರೆ. ಉಳಿದ ತೊಲೆ, ಜಂತೆ ಎಷ್ಟೋ ಸಲ ಬಚ್ಚಲೊಲೆಗೆ ಹೋಗುತ್ತವೆ. ಹೊನ್ನೆ, ಮತ್ತಿ, ಹಲಸಿನ ಮರ ಅವು! ತಲೆಮಾರುಗಟ್ಟಲೆ ಸೂರಿನಡಿ ಒಣಗಿ ಗಟ್ಟಿಯಾದವು. ಅಂಥ ಮರ ಸ್ನಾನದ ನೀರು ಕಾಯಿಸಲು ಉರಿಯುವಾಗ ನನ್ನ ಹೊಟ್ಟೆಯೂ ಉರಿಯುತ್ತದೆ.

ಅದೇ ಊರಿನ ಬಸ್ ಸ್ಟಾಪಿನಲ್ಲಿ ಅಜ್ಜಿಯೊಬ್ಬರು ಗಂಟೆಗಟ್ಟಲೆ ನಿಂತಿರುತ್ತಾರೆ. ಬೆಂಚು ಇದ್ದರೂ ಸಿಮೆಂಟಿನದು. ಆಷಾಢದಲ್ಲಿ ಅದರ ಮೇಲೆ ಕೂತರೆ ಚಳಿ ಮೈಗೇರುತ್ತದೆ. ಮರ ಹಾಗಲ್ಲ, ಮೈಯ ಬಿಸಿಯನ್ನು ಅಷ್ಟು ಬೇಗ ಎಳೆದುಕೊಳ್ಳುವುದಿಲ್ಲ. ಅದಕ್ಕೇ ನಾನು ಒಲೆಗೆ ಹೋಗುವ ತೊಲೆಯಿಂದ ಬಸ್ ಸ್ಟಾಪಿಗೆ ಬೆಂಚು ಮಾಡುತ್ತೇನೆ.

ನಮ್ಮ ಕಡೆ ಬೆಂಚು ಮಾಡುವವರು ಮೊದಲು ಮಳೆಯ ಬಗ್ಗೆ ಯೋಚಿಸಬೇಕು. ನಾನು ಮಾಡಿದ ಮೊದಲ ಬೆಂಚಿನ ಕಾಲನ್ನು ಮಣ್ಣಿನಲ್ಲೇ ಹೂತಿದ್ದೆ. ಎರಡು ಮಳೆಗಾಲಕ್ಕೆ ಬುಡ ಕೊಳೆಯಿತು, ಗೆದ್ದಲೂ ಹತ್ತಿತು. ಮರ ನೀರು ಜಾಸ್ತಿ ಕುಡಿಯುವುದು ಅಡ್ಡ ಕೊಯ್ದ ತುದಿಯಿಂದ. ಆ ತುದಿ ಒದ್ದೆ ನೆಲ ಮುಟ್ಟಲೇಬಾರದು. ಹಿರಿಯರು ಕಂಬದ ಕೆಳಗೆ ಕಲ್ಲು ಇಟ್ಟಿದ್ದು ಸುಮ್ನೆ ಅಲ್ಲ. ಈಗ ನಾನು ಬಿಚ್ಚಿದ ಮನೆಯ ಕಲ್ಲನ್ನೇ ಬೆಂಚಿನ ಕಾಲಾಗಿ ನಿಲ್ಲಿಸುತ್ತೇನೆ. ಹಲಗೆಗಳ ನಡುವೆ 7 ಮಿಲಿಮೀಟರ್ ಸಂದು ಬಿಡುತ್ತೇನೆ. ನೀರು ಇಳಿದುಹೋಗಬೇಕು, ಮಗುವಿನ ಬೆರಳು ಸಿಕ್ಕಿಕೊಳ್ಳಬಾರದು. ಕೂರುವ ಎತ್ತರ 45 ಸೆಂಟಿಮೀಟರ್. ಅದಕ್ಕಿಂತ ತಗ್ಗಾದರೆ ಮಂಡಿ ನೋವಿನವರು ಏಳಲು ಪಾಡು ಪಡುತ್ತಾರೆ. ಕೈ ಊರಲು ಎರಡೂ ತುದಿಗೆ ಆಸರೆ ಬೇಕೇ ಬೇಕು. ಹಲಗೆಗೆ ಮೊಳೆ ಹೊಡೆಯುವುದಿಲ್ಲ, ಬೋಲ್ಟ್ ಹಾಕುತ್ತೇನೆ. ಒಂದು ಹಲಗೆ ಕೆಟ್ಟರೆ ಅದೊಂದನ್ನೇ ಬದಲಿಸಬಹುದು.

ಕೊಯ್ಯುವ ಮುಂಚೆ ಮರದ ಮೇಲೆ ಅಯಸ್ಕಾಂತ ಆಡಿಸಿ. ಒಳಗೆ ಮುರಿದು ಉಳಿದ ಮೊಳೆ ಗರಗಸಕ್ಕೆ ಸಿಕ್ಕರೆ ಅಪಾಯ. ಪ್ರತಿ ವರ್ಷ ಮಳೆಗೆ ಮುಂಚೆ ಅಗಸೆ ಎಣ್ಣೆ ಸವರಿದರೆ ಒಳ್ಳೆಯದು.

ರೈಲು ಹಳಿಯ ಕೆಳಗೆ ಅಡ್ಡ ಹಾಕುವ ಹಳೆ ಮರದ ದಿಮ್ಮಿ, ಅಂದರೆ ಸ್ಲೀಪರ್, ಗಟ್ಟಿ ಅಲ್ವಾ, ಅದನ್ನೇ ಬಳಸಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ದಯವಿಟ್ಟು ಬೇಡ. ಮರದ ಸ್ಲೀಪರ್ ಕೊಳೆಯದಿರಲೆಂದು ಅದಕ್ಕೆ ಕಲ್ಲಿದ್ದಲ ಟಾರಿನಿಂದ ತೆಗೆದ ಕ್ರಿಯೋಸೋಟ್ ಎಣ್ಣೆ ಕುಡಿಸುತ್ತಿದ್ದರು. ಬಿಸಿಲಿಗೆ ಅದು ಒಸರುತ್ತದೆ. ಚರ್ಮ ಉರಿಯುತ್ತದೆ, ಕ್ಯಾನ್ಸರ್ ಭಯವೂ ಇದೆ. ಮಕ್ಕಳು ಕೂರುವ ಕಡೆ ಅದು ಬೇಡವೇ ಬೇಡ. ಕಾಫಿ ತೋಟದ ಸಿಲ್ವರ್ ಓಕ್ ಕೂಡ ಬಯಲಲ್ಲಿ ಹೆಚ್ಚು ದಿನ ಬಾಳದು. ಮನೆಯೊಳಗಿನ ಕಪಾಟಿಗೆ ಅದು ಚೆನ್ನಾಗಿ ಒದಗುತ್ತದೆ.

ತೊಲೆಯಲ್ಲಿ ಹಳೆ ಕೀಲಿನ ತೂತುಗಳಿರುತ್ತವೆ. ಬೆನ್ನು ಒರಗುವ ಹಲಗೆಯಲ್ಲಿ ನಾನು ಅವನ್ನು ಮುಚ್ಚುವುದಿಲ್ಲ. ಯಾರೋ ಆಚಾರ್ರು ಉಳಿ ಹಿಡಿದು ಮಾಡಿದ ಕೆಲಸ ಅದು, ಕಾಣುತ್ತಿರಲಿ.

ನಿಮ್ಮಲ್ಲೂ ಮನೆ ಬಿಚ್ಚುವ ಯೋಚನೆ ಇದ್ದರೆ ನಿಮ್ಮೂರಿನ ಬಡಗಿಗೆ ಮೊದಲೇ ಒಂದು ಮಾತು ತಿಳಿಸಿ. ಜೆಸಿಬಿ ಎಳೆದು ಹಾಕಿದ ಮೇಲೆ ತೊಲೆ ಸೀಳಿರುತ್ತದೆ, ಆಗ ಒಲೆಯೇ ಗತಿ.